ಓಡುತ್ತ ಓಡುತ್ತ ನಿಲ್ಲುವ ಗಾಡಿ: ಕಿಡಿ ಎಲ್ಲಿ ತಪ್ಪುತ್ತದೆ?

ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ಸಂಖ, ಉಮದಿ, ಬಾಲಗಾಂವಗಳ ಸುತ್ತಲಿನ ಹಳ್ಳಿ ಹಾಗೂ ವಸ್ತಿಗಳ ಅನೇಕ ಮಕ್ಕಳು ಕನ್ನಡ ಶಾಲೆಗೆ ಹೋಗುವುದು ತಂದೆಯ ಅಥವಾ ಕಾಕಾನ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ. ಪ್ರಾಥಮಿಕ ಶಾಲೆ ಊರಲ್ಲಿಯೇ ಇದ್ದರೂ ಪ್ರೌಢಶಾಲೆ ಎಷ್ಟೋ ಸಲ ಪಕ್ಕದ ಊರಿನಲ್ಲಿರುತ್ತದೆ. ಬಸ್ಸು ತಪ್ಪಿದರೆ ಗಾಡಿಯೇ ಗತಿ. ಆ ಗಾಡಿ ಹದಿನೈದು ಇಪ್ಪತ್ತು ವರ್ಷ ದುಡಿದ ಹೀರೋ ಹೋಂಡಾ ಸ್ಪ್ಲೆಂಡರ್ ಆಗಿರುವ ಸಂಭವ ಹೆಚ್ಚು. ಅಂಗಳದಲ್ಲಿ ಒಂದೇ ಕಿಕ್ಕಿಗೆ ಶುರುವಾಗುವ ಅದು ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲೆ ಬಯಲಿನ ನಡುವೆ ತಟ್ಟನೆ ನಿಲ್ಲುತ್ತದೆ. ಹದಿನೈದು ನಿಮಿಷ ಕಾದು ಒದ್ದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಮೆಕ್ಯಾನಿಕ್‌ನ ಮುಂದೆ ತಂದು ನಿಲ್ಲಿಸಿದಾಗಲಂತೂ ಅದರಷ್ಟು ಆರೋಗ್ಯವಂತ ಗಾಡಿ ಬೇರೊಂದಿಲ್ಲ.

‘ಪ್ಲಗ್ಗಿಗೆ ಕರೆಂಟ್ ಬರುತ್ತಿಲ್ಲ’ ಎಂಬ ತೀರ್ಮಾನವಾಗುತ್ತದೆ. ಮೊದಲು ಪ್ಲಗ್ ಬದಲಾಗುತ್ತದೆ, ಆಮೇಲೆ ಸಿಡಿಐ, ಆಮೇಲೆ ಕಾಯಿಲ್. ಹಣ ಹೋಗುತ್ತದೆ, ದೋಷ ಉಳಿಯುತ್ತದೆ, ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಗುತ್ತದೆ. ಬಂದು ಹೋಗುವ ದೋಷಕ್ಕೂ ಒಂದು ನಿಯಮವಿರುತ್ತದೆ. ಅದು ಎಂಜಿನ್ನಿನ ಬಿಸಿಯನ್ನೋ ಮಳೆಯ ತೇವವನ್ನೋ ತಂತಿಯ ಅಲುಗಾಟವನ್ನೋ ಹಿಡಿದು ಬರುತ್ತದೆ. ಆದ್ದರಿಂದ ಅದನ್ನು ಗಾಡಿ ನಿಂತಿರುವ ಹೊತ್ತಿನಲ್ಲಿಯೇ ಪರೀಕ್ಷಿಸಬೇಕು. ಗಾಡಿ ಸರಿಯಾಗಿ ಓಡುತ್ತಿರುವಾಗ ಮಾಡಿದ ಪರೀಕ್ಷೆಯಿಂದ ತಿಳಿಯುವುದು ಬಹಳ ಕಡಿಮೆ.

ಕಿಡಿ ಹುಟ್ಟುವ ಬಗೆಯನ್ನು ಮಕ್ಕಳೇ ಮನೆಯವರಿಗೆ ಹೇಳಬಲ್ಲರು. ಬಾಲಭಾರತಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವಿದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಅದೇ ತತ್ತ್ವ ಸ್ಪ್ಲೆಂಡರಿನ ಎಡಬದಿಯ ಮುಚ್ಚಳದೊಳಗೆ ದಿನವೂ ಕೆಲಸ ಮಾಡುತ್ತಿದೆ. ಅಲ್ಲಿ ಮ್ಯಾಗ್ನೆಟ್ ತಿರುಗಿದಾಗ ಒಂದು ಸುರುಳಿಯಲ್ಲಿ ನೂರಾರು ವೋಲ್ಟ್ ಹುಟ್ಟಿ ಸಿಡಿಐ ಡಬ್ಬಿಯೊಳಗಿನ ಕೆಪ್ಯಾಸಿಟರ್‌ನಲ್ಲಿ ಸಂಗ್ರಹವಾಗುತ್ತದೆ. ಪಲ್ಸರ್ ಕಾಯಿಲ್ ಎಂಬ ಸಣ್ಣ ಸುರುಳಿ ತಕ್ಕ ಗಳಿಗೆಯಲ್ಲಿ ಸೂಚನೆ ಕೊಟ್ಟೊಡನೆ ಆ ಸಂಗ್ರಹವೆಲ್ಲ ಎಚ್‌ಟಿ ಕಾಯಿಲ್‌ಗೆ ಹರಿದು, ಹತ್ತು ಸಾವಿರ ವೋಲ್ಟ್‌ಗೂ ಹೆಚ್ಚಾಗಿ, ಪ್ಲಗ್ಗಿನ ಸಂದಿಯನ್ನು ಹಾರುತ್ತದೆ. ಈ ಕಥೆಯಲ್ಲಿ ಬ್ಯಾಟರಿಗೆ ಪಾತ್ರವೇ ಇಲ್ಲ. ಕಿಕ್ ಮಾತ್ರ ಇರುವ ಹಳೆಯ ಸ್ಪ್ಲೆಂಡರಿನಲ್ಲಿ ಹಾರ್ನ್ ಜೋರಾಗಿ ಕೂಗಿದರೂ ಕಿಡಿಯ ಬಗ್ಗೆ ಏನೂ ತಿಳಿಯದು. ಕಿಡಿ ತಪ್ಪಿತೆಂದು ಹೊಸ ಬ್ಯಾಟರಿ ಕೊಳ್ಳುವುದು ವ್ಯರ್ಥ. ಸೆಲ್ಫ್ ಸ್ಟಾರ್ಟ್ ಇರುವ ಕೆಲವು ಮಾದರಿಗಳ ಮಾತು ಬೇರೆ.

ಗಾಡಿಯ ಟೂಲ್ ಡಬ್ಬಿಯಲ್ಲಿ ಸ್ವಚ್ಛಗೊಳಿಸಿದ ಒಂದು ಹೆಚ್ಚುವರಿ ಪ್ಲಗ್ ಸದಾ ಇರಲಿ. ಗಾಡಿ ನಿಂತ ಕೂಡಲೇ ಎಂಜಿನ್ನಿನಲ್ಲಿರುವ ಪ್ಲಗ್ಗನ್ನು ಬಿಚ್ಚದೆ, ಕ್ಯಾಪ್ ಮಾತ್ರ ಕಿತ್ತು ಈ ಪ್ಲಗ್ಗಿಗೆ ಸಿಕ್ಕಿಸಬೇಕು. ಇದರ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಗಟ್ಟಿಯಾಗಿ ತಾಗಿರುವಂತೆ ಒಣ ರಬ್ಬರ್ ಹಿಡಿಕೆಯ ಪಕ್ಕಡದಿಂದ ಹಿಡಿದು, ಕೀಲಿ ಹಾಕಿ ಕಿಕ್ ಹೊಡೆಯಬೇಕು. ಮೂಲ ಪ್ಲಗ್ ತನ್ನ ಜಾಗದಲ್ಲಿಯೇ ಇರುವುದರಿಂದ ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮಿ ಹೊತ್ತಿಕೊಳ್ಳುವ ಭಯವಿಲ್ಲ. ಪೆಟ್ರೋಲ್ ಎಲ್ಲಿಯಾದರೂ ಸೋರುತ್ತಿದ್ದರೆ ಮಾತ್ರ ಈ ಪರೀಕ್ಷೆ ಬೇಡ. ಮಕ್ಕಳು ದೂರ ನಿಲ್ಲಲಿ. ಆ ವೋಲ್ಟಿನ ಹೊಡೆತ ಚೇಷ್ಟೆಯಲ್ಲ.

ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಪ್ರತಿ ಒದೆತಕ್ಕೂ ಬಂದರೆ ದೋಷ ಬಹುಮಟ್ಟಿಗೆ ಮೂಲ ಪ್ಲಗ್ಗಿನಲ್ಲಿದೆ ಅಥವಾ ಪೆಟ್ರೋಲಿನ ದಾರಿಯಲ್ಲಿದೆ. ಅನೇಕರು ಎಡವುವುದು ಇಲ್ಲಿಯೇ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ನಮ್ಮ ಕಡೆಯ ಧೂಳಿನಿಂದ ಮುಚ್ಚಿದರೂ ಗಾಡಿ ಹತ್ತು ಕಿಲೋಮೀಟರಿಗೆ ನಿಂತು, ಕಾದರೆ ಮತ್ತೆ ಹೊರಡುತ್ತದೆ; ಕಾಯಿಲ್ ಕೆಟ್ಟಾಗಲೂ ಲಕ್ಷಣ ಹೆಚ್ಚುಕಡಿಮೆ ಇದೇ. ಮುಚ್ಚಳ ತೆರೆದಾಗ ಗಾಳಿ ಸುಯ್ಯನೆ ಒಳಗೆಳೆದುಕೊಂಡು ಗಾಡಿ ಶುರುವಾದರೆ ಕಾಯಿಲ್ಲಿನ ತಂಟೆಗೇ ಹೋಗಬೇಕಿಲ್ಲ. ಇನ್ನೊಂದು ಮಾತು: ಬಯಲಿನಲ್ಲಿ ಹಾರುವ ದುರ್ಬಲ ಹಳದಿ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರಲಾರದು, ಏಕೆಂದರೆ ಒತ್ತಿದ ಗಾಳಿಯನ್ನು ಸೀಳಲು ಹೆಚ್ಚು ವೋಲ್ಟ್ ಬೇಕು. ಹಳದಿ ಕಿಡಿಯನ್ನು ಕಿಡಿಯೆಂದು ನಂಬಬಾರದು.

ಕಿಡಿಯೇ ಬರದಿದ್ದರೆ ಖರ್ಚಿಲ್ಲದ ಕಡೆಯಿಂದ ಆರಂಭಿಸೋಣ. ಪ್ಲಗ್ ಕ್ಯಾಪನ್ನು ತಂತಿಯಿಂದ ತಿರುಗಿಸಿ ತೆಗೆದು, ತಂತಿಯ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಮತ್ತೆ ಬಿಗಿಯಾಗಿ ತಿರುಗಿಸಿದರೆ ಹಸಿರುಗಟ್ಟಿದ ತಾಮ್ರದ ತೊಂದರೆ ಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ನಿಲ್ಲುವ ಗಾಡಿಗಳಲ್ಲಿ ಕ್ಯಾಪಿನ ಬಿರುಕನ್ನು ಮೊದಲು ಅನುಮಾನಿಸಬೇಕು. ಕತ್ತಲೆಯಲ್ಲಿ ಎಂಜಿನ್ ಓಡುತ್ತಿರುವಾಗ ನೋಡಿದರೆ ಕಿಡಿ ಹೊರಗೆ ಸೋರುವುದು ಕಣ್ಣಿಗೇ ಕಾಣುತ್ತದೆ.

ಅದಾದ ಮೇಲೆ ಕೀಲಿಯ ತಂತಿ. ಸಿಡಿಐಗೆ ಬರುವ ಕಪ್ಪು-ಬಿಳಿ ತಂತಿಯ ಕೆಲಸವೇ ಕಿಡಿಯನ್ನು ಕೊಲ್ಲುವುದು: ಕೀಲಿ ತೆಗೆದಾಗ ಅದು ಚಾಸಿಗೆ ಅರ್ತ್ ಆಗುತ್ತದೆ. ಹ್ಯಾಂಡಲ್ ತಿರುಗುವ ಕಡೆ ಈ ತಂತಿಯ ಮೇಲಿನ ಪ್ಲಾಸ್ಟಿಕ್ ಸವೆದು ಕಬ್ಬಿಣಕ್ಕೆ ತಾಗಿದರೆ, ಕೀಲಿ ಹಾಕಿದ್ದರೂ ಗಾಡಿ ತನ್ನಷ್ಟಕ್ಕೆ ಬಂದ್ ಆಗುತ್ತದೆ. ಹೊಂಡ ಬಿದ್ದ ರಸ್ತೆಯಲ್ಲಿಯೋ ತಿರುವಿನಲ್ಲಿಯೋ ನಿಲ್ಲುವ ಗಾಡಿಗಳಿಗೆ ಇದೇ ಕಾರಣ ಹೆಚ್ಚು. ಸಿಡಿಐ ಹತ್ತಿರ ಈ ಒಂದು ತಂತಿಯನ್ನು ಬಿಡಿಸಿದಾಗ ಕಿಡಿ ಮರಳಿದರೆ ಕಳ್ಳ ಸಿಕ್ಕಂತೆ. ಆದರೆ ಆಗ ಕೀಲಿಯಿಂದ ಎಂಜಿನ್ ನಿಲ್ಲದು. ಗೇರಿನಲ್ಲಿಟ್ಟು, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ನಿಲ್ಲಿಸಬೇಕು.

ಬಿಸಿಯಾದಾಗ ಮಾತ್ರ ಸಾಯುವ, ತಂಪಾದಾಗ ಬದುಕುವ ಗಾಡಿಯಲ್ಲಿ ನಮ್ಮ ಅನುಮಾನ ಮುಚ್ಚಳದೊಳಗಿನ ಸುರುಳಿಗಳ ಮೇಲೆ. ಕೂದಲೆಳೆಯ ತಾಮ್ರದ ತಂತಿ ಒಳಗೆಲ್ಲೋ ತುಂಡಾಗಿದ್ದರೂ ತಂಪಿನಲ್ಲಿ ತುದಿಗಳು ತಾಗಿಕೊಂಡಿರುತ್ತವೆ. ಬಿಸಿಗೆ ಹಿಗ್ಗಿ ದೂರ ಸರಿಯುತ್ತವೆ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಎಂಜಿನ್ ಬಿಚ್ಚದೆ, ತಂತಿಗಳ ಸಾಕೆಟ್ಟಿನಲ್ಲಿಯೇ ಓಮ್ ಅಳೆಯಬಹುದು. ಬೆಳಿಗ್ಗೆ ಒಮ್ಮೆ ಅಳೆದು ಬರೆದಿಡಿ, ಗಾಡಿ ನಿಂತ ಕೂಡಲೇ ಮತ್ತೊಮ್ಮೆ ಅಳೆಯಿರಿ. ಬೆಳಿಗ್ಗೆ ಅಂಕಿ ತೋರಿಸಿದ ಮೀಟರ್ ಈಗ ಎಡತುದಿಯಲ್ಲಿ ಬರೀ ‘1’ ಅಥವಾ ‘ಓಎಲ್’ ತೋರಿಸಿದರೆ ಆ ಸುರುಳಿ ಕಡಿದಿದೆ. ಎಚ್‌ಟಿ ಕಾಯಿಲ್‌ಗೂ ಇದೇ ಕ್ರಮ.

ಸಿಡಿಐ ಕೊನೆಗಿರಲಿ. ಅದನ್ನು ಮನೆಯಲ್ಲಿ ಅಳೆಯಲು ಬಾರದು. ಅದೇ ಮಾದರಿಯ ನೆರೆಮನೆಯ ಗಾಡಿಯಿಂದ ಒಂದು ದಿನಕ್ಕೆ ತಂದು, ನಿಲ್ಲುತ್ತಿದ್ದ ದೂರದಷ್ಟು ಓಡಿಸಿ ನೋಡುವುದೊಂದೇ ಉಪಾಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಇನ್ನೂ ಉಳಿದಿರುವ ಮನೆಗಳಲ್ಲಿ ಲೆಕ್ಕ ಬೇರೆ. ಅದರ ಹೆಚ್ಚಿನ ಮಾದರಿಗಳಲ್ಲಿ ಕಿಡಿಗೆ ಬ್ಯಾಟರಿ ಬೇಕು. ಸಿಡಿಐ ಬದಲು ಪಾಯಿಂಟ್ ಮತ್ತು ಕಂಡೆನ್ಸರ್ ಇವೆ. ಬಿಸಿಯಾದಾಗ ಪಾಯಿಂಟಿನ ತುಟಿಗಳ ನಡುವೆಯೇ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ.

ಗಾಡಿ ಎಷ್ಟು ದೂರಕ್ಕೆ, ಯಾವ ಹೊತ್ತಿಗೆ, ಎಂಥ ರಸ್ತೆಯಲ್ಲಿ ನಿಂತಿತು, ಆಗ ಕಿಡಿ ಇತ್ತೇ ಎಂಬುದನ್ನು ಮಗುವಿನ ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕೈದು ಸಲ ಬರೆದು ಮೆಕ್ಯಾನಿಕ್‌ಗೆ ಓದಿ ಹೇಳಿದರೆ ಅವನ ಕೆಲಸ ಅರ್ಧವಾಗುತ್ತದೆ. ರಿಪೇರಿಯಾದ ಮೇಲೆ ಅಂಗಳದಲ್ಲಿ ಶುರುವಾಯಿತೆಂದು ಸುಮ್ಮನಾಗದೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ದಾರಿಯಲ್ಲಿ ಹೋಗಿ ಬರಬೇಕು. ಪರೀಕ್ಷೆಯ ವಾರಕ್ಕೆ ಮುಂಚೆಯೇ.