ಕೊಡಲಿಗೆ ಮೊದಲು ಒಂದು ಮಾತು

ಹಿತ್ತಲ ಹಲಸಿನ ಮರ ನೆಲಕ್ಕುರುಳಿದ ಮೇಲೆ ಅದರ ಹಣೆಬರಹ ತೀರ್ಮಾನವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಕಡಿಯಲು ಬಂದವರಿಗೆ ಲಾರಿ ತುಂಬುವ ಅವಸರ. ಮೂರು ಮೂರು ಅಡಿಗೆ ತುಂಡು ಹಾಕಿದರೆ ಇಬ್ಬರು ಎತ್ತಬಹುದು. ಸಂಜೆಯಾಗುವಷ್ಟರಲ್ಲಿ ಅಜ್ಜ ನೆಟ್ಟ ಮರ ಸೌದೆಯಾಗಿ ಇಟ್ಟಿಗೆ ಗೂಡಿನ ದಾರಿ ಹಿಡಿದಿರುತ್ತದೆ. ಅದೇ ಬುಡವನ್ನು ಐದಡಿ ಉದ್ದಕ್ಕೆ ಉಳಿಸಿಕೊಂಡಿದ್ದರೆ ಅದರಿಂದ ಒಂದು ವೀಣೆ ಆಗುತ್ತಿತ್ತು.

ಇದನ್ನು ನನಗೆ ಮನಗಾಣಿಸಿದವರು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವೀಣೆ ಮಾಡುವ ಹಿರಿಯರು. ಹೆಸರು ಬರೆಯಬೇಡಿ ಎಂದರು, ಬರೆಯುತ್ತಿಲ್ಲ. ಸ್ಕೂಲು ಬಿಟ್ಟ ವರ್ಷವೇ ತಂದೆಯ ಪಕ್ಕ ಕೂತು ಉಳಿ ಹಿಡಿದವರು. ಅವರು ಕೆಲಸ ಮಾಡುವ ಜಾಗ ಮನೆಯ ಹಿಂದಿನ ಶೀಟಿನ ಮಾಡು. ನೆಲದ ತುಂಬ ಅರಿಸಿನ ಬಣ್ಣದ ಚಕ್ಕೆ. ಹಲಸಿನ ಚೇಗು ಕೊಯ್ದ ಹೊಸದರಲ್ಲಿ ಹೀಗೆ ಹಳದಿ. ವರ್ಷ ಕಳೆದಂತೆ ಜೇನುಗಂದಾಗಿ, ಆಮೇಲೆ ಕಡುಕಂದಾಗುತ್ತದೆ. ಬರ್ಮಾ, ಶ್ರೀಲಂಕಾಗಳಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟಲು ಇದೇ ಚಕ್ಕೆಯನ್ನು ಕುದಿಸುತ್ತಿದ್ದರು.

ನಾನು ಹೋದಾಗ ಅವರು ವೀಣೆಯ ಕೊಡ ತೋಡುತ್ತಿದ್ದರು. ಬಾಚಿಯ ಒರಟು ಕೆಲಸ ಮುಗಿದಿತ್ತು. ಬಾಗಿದ ಬಾಯಿಯ ಉಳಿಯಿಂದ ಒಳಮೈಯನ್ನು ತೆಳುವಾಗಿ ಎಬ್ಬಿಸುವುದು, ಚಕ್ಕೆ ಊದುವುದು, ಎಡಗೈಯನ್ನು ಒಳಗಿಟ್ಟು ಬಲಗೈ ಹೆಬ್ಬೆರಳ ಗೆಣ್ಣಿನಿಂದ ಹೊರಗೆ ತಟ್ಟುವುದು. ಮತ್ತೆ ಉಳಿ. ಅಳತೆಗೋಲು ಪಕ್ಕದಲ್ಲೇ ಇತ್ತು, ಅವರು ಮುಟ್ಟಲಿಲ್ಲ. ಎಷ್ಟು ದಪ್ಪ ಉಳಿಸುತ್ತೀರಿ ಎಂದು ಕೇಳಿದೆ. “ಅದು ಮರ ಹೇಳ್ಬೇಕು ಸ್ವಾಮಿ. ದಪ್ಪ ಉಳಿದ್ರೆ ನಾದ ಒಳಗೇ ಕೂತ್ಬಿಡುತ್ತೆ. ತೆಳ್ಳಗಾಯ್ತೋ, ಡಬ್ಬ ಬಡಿದ ಹಾಗೆ ಕೇಳುತ್ತೆ” ಎಂದರು. ಬುಡದ ಕಡೆ ತಟ್ಟಿದಾಗ ಬಂದ ಸದ್ದಿಗೂ ಅಂಚಿನ ಸದ್ದಿಗೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅವರು ಅಂಚಿನಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ, ಅಲ್ಲಿ ಮಾತ್ರ ಇನ್ನೊಂದು ಪದರ ತೆಗೆದರು. ಮತ್ತೆ ತಟ್ಟಿದರು. ಈ ಸಲ ನನಗೂ ಕೇಳಿಸಿತು: ಎರಡೂ ಕಡೆ ಒಂದೇ ದನಿ.

ದಂಡಿ, ಯಾಳಿಯ ಮುಖ, ಕುದುರೆ, ಬಿರಡೆ, ಸೋರೆ ಬುರುಡೆ, ಮೇಣದ ಮೇಲೆ ಕೂರಿಸುವ 24 ಮೆಟ್ಟಿಲು, ಏಳು ತಂತಿ: ಆಮೇಲಿನ ಕೆಲಸ ಬಹಳವಿದೆ. ಅದರಲ್ಲೂ ಮೇಣಕ್ಕೆ ಮೆಟ್ಟಿಲು ಕೂರಿಸಿ ಸ್ವರ ಸರಿಮಾಡುವುದು ಬೇರೆಯದೇ ವಿದ್ಯೆ. ಆದರೆ ಹಿರಿಯರ ಮಾತು ಮತ್ತೆ ಮತ್ತೆ ಹೊರಳುತ್ತಿದ್ದದ್ದು ಮರದತ್ತಲೇ.

ಕೊಡ, ದಂಡಿ, ಯಾಳಿ ಮೂರನ್ನೂ ಒಂದೇ ದಿಮ್ಮಿಯಲ್ಲಿ ಕೆತ್ತಿದರೆ ಅದು ಏಕಾಂಡ ವೀಣೆ. ಅದಕ್ಕೆ ತಕ್ಕ ಸುತ್ತಳತೆಯ ಮರ ಈಗ ಸಿಗುವುದು ಅಪರೂಪ. ಬೇರೆ ಬೇರೆ ಕೆತ್ತಿ ಜೋಡಿಸುವುದೇ ಹೆಚ್ಚು. ಆಗಲೂ ಮೂರೂ ಒಂದೇ ಮರದ್ದಾಗಬೇಕೆಂದು ಇವರ ಹಟ. ದೇವಸ್ಥಾನದ ಗಂಟೆ ಕೇಳಿ ಬೆಳೆದ ಹಲಸಿಗೆ ನಾದ ಜಾಸ್ತಿ ಎಂಬ ನಂಬಿಕೆ ಈ ಕಸುಬಿನವರಲ್ಲಿದೆ. ಇವರೂ ನಂಬುತ್ತಾರೆ. ನನಗೆ ನಂಬಬೇಕೆನ್ನಿಸಿತು.

ಇತಿಹಾಸವನ್ನು ಅವರು ಹೇಳಿದ್ದು ಉಳಿ ಮಸೆಯುತ್ತಲೇ. ವೀಣೆಗೆ 24 ಮೆಟ್ಟಿಲು ನಿಂತದ್ದು 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎನ್ನುತ್ತಾರೆ. ಮೈಸೂರಿಗೆ ವೀಣೆಯ ಊರೆಂಬ ಹೆಸರು ಗಟ್ಟಿಯಾದದ್ದು ವೀಣೆ ಶೇಷಣ್ಣನವರಿಂದ (1852–1926). ತಂಜಾವೂರು ವೀಣೆಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅಲ್ಲಿಯವರು ಮರಕ್ಕೆ ಪನ್ರುಟಿಯ ಹಲಸನ್ನು ನೆಚ್ಚಿದವರು. ನಮ್ಮಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಯ ಹಳ್ಳಿಯೆಂದೇ ಹೆಸರಾಗಿದೆ. ಅದೇ ತಾಲ್ಲೂಕಿನ ತೂಬಗೆರೆ ಹಲಸಿನ ಹಣ್ಣಿಗೆ ಹೆಸರುವಾಸಿ. ಮರ ಎಲ್ಲಿದೆಯೋ ಕಸುಬು ಅಲ್ಲೇ ಬದುಕುತ್ತದೆ.

ಹಾಗಾದರೆ ಮನೆಯಂಗಳದ ಮರ ಕಡಿಸಲೇಬೇಕಾದವರು ಏನು ಮಾಡಬೇಕು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿಗೆ ಅರ್ಜಿ ಹಾಕಿದ ದಿನವೇ ಒಬ್ಬ ಆಚಾರಿಯನ್ನೋ ವಾದ್ಯ ಮಾಡುವವರನ್ನೋ ಕರೆದು ಮರ ತೋರಿಸಬೇಕು. ಎಲ್ಲಿ ಕೊಯ್ಯಬೇಕೆಂದು ಅವರು ಸುಣ್ಣದಲ್ಲಿ ಗುರುತು ಹಾಕಿಕೊಡುತ್ತಾರೆ. ಎರಡಡಿ ತುಂಡಾದರೂ ಚಿಂತೆಯಿಲ್ಲ, ಮೃದಂಗದ ಹೊಳವಿಗೆ ಸಾಕು. ಕೊಂಬೆಗಳಲ್ಲಿ ಈಳಿಗೆ ಮಣೆ, ಕೂರುವ ಮಣೆ ಆಗುತ್ತವೆ.

ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ಸಗಣಿಯನ್ನೋ ಬಣ್ಣವನ್ನೋ ಮೆತ್ತಬೇಕು. ತುದಿಯಿಂದ ನೀರು ಬೇಗ ಆರಿ ಬಿರುಕು ಬಿಡುವುದನ್ನು ಅದು ತಡೆಯುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಸೀಳಿ ನಟ್ಟನಡುವಿನ ಬೆಂಡನ್ನು ಬಿಡಿಸಬೇಕು, ಸೀಳು ಅಲ್ಲಿಂದಲೇ ಹೊರಡುವುದು. ಹೊರಗಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ, ಅದನ್ನು ತೆಗೆಯಬೇಕು. ಆಮೇಲೆ ನೆರಳಲ್ಲಿ, ನೆಲಕ್ಕೆ ತಾಗದಂತೆ, ಹಲಗೆ ಹಲಗೆಯ ನಡುವೆ ರೀಪು ಕೊಟ್ಟು, ಗಾಳಿಯಾಡುವ ಹಾಗೆ ಪೇರಿಸಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ.

ಮನೆಮರವನ್ನು ಸಾಮಿಲ್ಲಿನವರು ಅನುಮಾನದಿಂದಲೇ ನೋಡುತ್ತಾರೆ. ಬಟ್ಟೆ ಒಣಹಾಕಲು ಯಾವ ಕಾಲಕ್ಕೋ ಹೊಡೆದ ಮೊಳೆ, ಬಿಗಿದ ತಂತಿ ಮರದೊಳಗೇ ಮುಳುಗಿರುತ್ತವೆ. ಗರಗಸದ ಬ್ಲೇಡಿಗೆ ಅವು ತಗುಲಿದರೆ ಹಲ್ಲು ಹೋಯಿತು. ಎಲ್ಲಿ ಮೊಳೆ ಹೊಡೆದಿದ್ದೆವು ಎಂದು ಮನೆಯ ಹಿರಿಯರನ್ನು ಕೇಳಿ ಮೊದಲೇ ಹೇಳಿಬಿಟ್ಟರೆ ಅವರ ಅರ್ಧ ತಕರಾರು ನಿಲ್ಲುತ್ತದೆ. ಬೇರೆ ಮರಗಳಿಗೂ ದಾರಿಯುಂಟು: ಬೇವಿನ ಹಲಗೆಯ ಪೆಟ್ಟಿಗೆಗೆ ನುಸಿ ಕಾಟ ಕಡಿಮೆ, ಆಲೆ ಮರ ಚನ್ನಪಟ್ಟಣದ ಬೊಂಬೆಗೆ ಬೇಕು, ಮಾವನ್ನು ತಡಮಾಡದೆ ಕೊಯ್ಯಿಸದಿದ್ದರೆ ಹುಳು ಹಿಡಿಯುತ್ತದೆ.

ಸುದ್ದಿ ಸಕಾಲಕ್ಕೆ ತಲುಪುವುದಿಲ್ಲ ಎಂಬುದೇ ಹಿರಿಯರ ಕೊರಗು. ಮರ ಬೀಳುವ ವಿಷಯ ಸೌದೆಯವರಿಗೆ ಮೊದಲು ಗೊತ್ತಾಗುತ್ತದೆ, ಇವರಿಗೆ ಲಾರಿ ಹೋದ ಮೇಲೆ. ನಗರಪಾಲಿಕೆಗಳು ಅನುಮತಿ ಸಿಕ್ಕ ಮರಗಳ ಪಟ್ಟಿಯನ್ನು ಕುಶಲಕರ್ಮಿಗಳ ಕಣ್ಣಿಗೆ ಬೀಳುವಂತೆ ಒಂದು ಫಲಕದಲ್ಲಿ ಹಾಕಿದರೂ ಸಾಕು, ಖರ್ಚಿಲ್ಲದ ಕೆಲಸ. ಇದು ಆಗಲೇಬೇಕು.

ಹಣ್ಣಿನ ಕಾಲದಲ್ಲಿ ಮರ ಕಡಿದರೆ ಈ ಹಿರಿಯರು ಬೀಜವನ್ನೂ ಕೇಳಿ ತರುತ್ತಾರೆ. ಹಲಸಿನ ಬೀಜ ಒಣಗಿದರೆ ಮೊಳೆಯದು, ಆದ್ದರಿಂದ ಆ ವಾರವೇ ಚೀಲಕ್ಕೆ ಮಣ್ಣು ತುಂಬಿ ಊರುತ್ತಾರೆ. ಸಸಿ ಮೊಣಕಾಲೆತ್ತರ ಆದಾಗ ಮರ ಕೊಟ್ಟವರ ಮನೆಗೇ ಒಯ್ಯುತ್ತಾರೆ. ಆ ಹೊತ್ತಿಗೆ ಅಲ್ಲಿ ಹೊಸ ಕಟ್ಟಡ ಎದ್ದಿರುತ್ತದೆ, ಕಾಂಪೌಂಡಿನ ತನಕ ಕಾಂಕ್ರೀಟು. ಜಾಗ ಎಲ್ಲಿದೆ ಅಂತಾರೆ, ತಪ್ಪೂ ಅಲ್ಲ ಬಿಡಿ ಎಂದರು ಹಿರಿಯರು. ಈಗ ನಾಲ್ಕು ಸಸಿ ಉಳಿದಿವೆ. ಅಂಗಳ ಇರುವವರು ಯಾರಾದರೂ ಇದ್ದರೆ ಬಂದು ತೆಗೆದುಕೊಂಡು ಹೋಗಲಿ, ಕಾಸು ಬೇಡ ಎಂದು ಹೇಳಿ ಕಳುಹಿಸಿದ್ದಾರೆ.