ಪ್ರತಿಲೇಖನ ಮತ್ತು ಅನುವಾದ: ಜೀವಕೋಶದಲ್ಲಿ ಪ್ರೋಟೀನಿನ ರಚನೆ

ಅಣುಜೀವವಿಜ್ಞಾನದ ಪರಿಭಾಷೆಯಲ್ಲಿ ಭಾಷಾವ್ಯಾಸಂಗದಿಂದ ಬಂದ ಮಾತುಗಳು ಅನೇಕ. ಅಕ್ಷರ, ಸಂಕೇತ, ಪ್ರತಿಲೇಖನ, ಅನುವಾದ ಇವೆಲ್ಲ ಗ್ರಂಥಸಂಪಾದಕನಿಗೆ ಪರಿಚಿತವಾದ ಪದಗಳು. ಲಿಪಿಕಾರನ ಸ್ಖಾಲಿತ್ಯಗಳಲ್ಲಿ ಕೆಲವು ಅರ್ಥವನ್ನು ಕೆಡಿಸುವುದಿಲ್ಲ, ಕೆಲವು ಪದ್ಯವನ್ನೇ ಕೆಡಿಸುತ್ತವೆ. ಜೀವಕೋಶದಲ್ಲಿಯೂ ಹಾಗೆಯೇ. ಅಕ್ಷರವೊಂದರ ಬೆಲೆ ಅದು ನಿಂತ ಸ್ಥಾನದಿಂದ ನಿರ್ಧಾರವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ವಂಶವಾಹಿಗಳು ಡಿ.ಎನ್.ಎ. ಎಂಬ ನೀಳವಾದ ಅಣುವಿನ ಭಾಗಗಳು. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳೇ ಅದರ ವರ್ಣಮಾಲೆ. ಈ ಮೂಲಪ್ರತಿ ಕೋಶಕೇಂದ್ರವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಪ್ರೋಟೀನು ತಯಾರಾಗುವುದಾದರೋ ಕೋಶಕೇಂದ್ರದ ಹೊರಗೆ. ಆದುದರಿಂದ ಮೊದಲು ಅದರ ಪ್ರತಿಯೊಂದು ಸಿದ್ಧವಾಗಬೇಕು.

ಇದನ್ನು ತಿಳಿಯಲು ಮದರಾಸಿನ ವಡಪಳನಿಯ ಉದಾಹರಣೆ ಸಾಕು. ಕನ್ನಡ ಚಲನಚಿತ್ರಗಳು ದಶಕಗಳ ಕಾಲ ಅಲ್ಲಿನ ಎ.ವಿ.ಎಂ., ವಿಜಯಾ-ವಾಹಿನಿ ಮೊದಲಾದ ಸ್ಟುಡಿಯೋಗಳಲ್ಲಿ ತಯಾರಾದವು. ಕ್ಯಾಮರಾದಲ್ಲಿ ಮೂಡಿದ ನೆಗೆಟಿವನ್ನು ಜೋಪಾನವಾಗಿ ಇರಿಸಿ, ಅದರಿಂದ ರಶ್ ಪ್ರಿಂಟ್ ತೆಗೆದು, ಸಂಕಲನಕಾರರು ಆ ಪ್ರಿಂಟನ್ನು ಕತ್ತರಿಸಿ ಅಂಟಿಸುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದುದು ಪ್ರಿಂಟಿನಲ್ಲಿ ಬೆಳಕಾಗುವಂತೆ, ಡಿ.ಎನ್.ಎ.ಯ ಗ್ವಾನಿನ್ನಿಗೆ ಎದುರಾಗಿ ಪ್ರತಿಯಲ್ಲಿ ಸೈಟೊಸಿನ್, ಅಡೆನಿನ್ನಿಗೆ ಎದುರಾಗಿ ಯುರಾಸಿಲ್ ಬರುತ್ತದೆ. ಆರ್.ಎನ್.ಎ. ಎಂಬ ಈ ಪ್ರತಿಯ ನಿರ್ಮಾಣವೇ ಪ್ರತಿಲೇಖನ. ಬಳಿಕ ಅದರಲ್ಲಿನ ಅನಗತ್ಯ ಭಾಗಗಳು ತುಂಡರಿಸಲ್ಪಟ್ಟು, ಉಳಿದವು ಜೋಡಣೆಯಾಗುತ್ತವೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಏಕೆಂದರೆ ಸ್ಟುಡಿಯೋದಲ್ಲಿ ಕೊನೆಗೆ ನೆಗೆಟಿವಿಗೂ ಕತ್ತರಿ ಬೀಳುತ್ತಿತ್ತು; ಈ ಸಂಕಲನದಲ್ಲಿ ವಂಶವಾಹಿಗೆ ಕತ್ತರಿ ತಾಗುವುದಿಲ್ಲ.

ಸಂಕಲನಗೊಂಡ ಆರ್.ಎನ್.ಎ. ರೈಬೋಸೋಮನ್ನು ಸೇರಿದಾಗ ಅನುವಾದಕಾರ್ಯ ಆರಂಭವಾಗುತ್ತದೆ. ಇಲ್ಲಿನ ಪ್ರತಿಯೊಂದು ಪದಕ್ಕೂ ಮೂರೇ ಅಕ್ಷರ. ನಾಲ್ಕು ಅಕ್ಷರಗಳಿಂದ ಇಂತಹ 64 ಪದಗಳು ಸಾಧ್ಯ. ಅವುಗಳಲ್ಲಿ 61 ಪದಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ; ಉಳಿದ ಮೂರು ವಾಕ್ಯಾಂತ್ಯದ ಚಿಹ್ನೆಗಳು. ಒಂದು ತುದಿಯಲ್ಲಿ ಪದವನ್ನು ಗುರುತಿಸಿ, ಇನ್ನೊಂದು ತುದಿಯಲ್ಲಿ ತಕ್ಕ ಅಮೈನೋ ಆಮ್ಲವನ್ನು ಹೊತ್ತು ತರುವ ವಾಹಕ ಆರ್.ಎನ್.ಎ.ಯೇ ಇಲ್ಲಿ ದ್ವಿಭಾಷಿ. ಹಾಗೆ ತಂದ ಘಟಕಗಳನ್ನು ರೈಬೋಸೋಮು ಒಂದರ ಮುಂದೊಂದು ಪೋಣಿಸುತ್ತದೆ. ಈ ನಿಘಂಟಿನ ಮೊದಲ ಪದದ ಅರ್ಥವನ್ನು 1961ರಲ್ಲಿ ನೀರೆನ್‌ಬರ್ಗ್ ಮತ್ತು ಮಥಾಯ್ ಬಿಡಿಸಿದರು. ಸಂಕೇತವನ್ನು ಬಿಡಿಸಿದ ಕಾರ್ಯಕ್ಕಾಗಿ ಹರಗೋಬಿಂದ ಖುರಾನಾ, ನೀರೆನ್‌ಬರ್ಗ್ ಮತ್ತು ಹಾಲಿ 1968ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ಪೋಣಿಸಿದ ಸರವು ತಕ್ಕ ಆಕಾರವನ್ನು ತಳೆದಾಗ ಮಾತ್ರ ಪ್ರೋಟೀನಿಗೆ ಕಾರ್ಯಶಕ್ತಿ ಬರುತ್ತದೆ. ಸಂಕೇತವು ಬಿಡಿಸಲ್ಪಡುವ ಮೊದಲೇ, 1954–55ರಲ್ಲಿ, ಮದರಾಸು ವಿಶ್ವವಿದ್ಯಾನಿಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ಥಾ ಅವರು ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಲ ನೀಡುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ನಿರೂಪಿಸಿದರು. ಅದು ಮೂರೆಳೆಯ ಹುರಿ. ಪ್ರತಿ ಎಳೆಯಲ್ಲಿಯೂ ಮೂರನೆಯ ಸ್ಥಾನಕ್ಕೊಮ್ಮೆ ಗ್ಲೈಸಿನ್ ಎಂಬ ಅಮೈನೋ ಆಮ್ಲ ಬರಲೇಬೇಕು. ಹುರಿಯ ಒಳಮಗ್ಗುಲಿನ ಇಕ್ಕಟ್ಟಿನಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಅದಕ್ಕೆ ಮಾತ್ರ ಎಡೆಯುಂಟು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಈಗ ಅಕ್ಷರದ ಬೆಲೆಯನ್ನು ಅಳೆಯಬಹುದು. ಗ್ಲೈಸಿನ್ನನ್ನು ಸೂಚಿಸುವ ಒಂದು ಪದ ಗ್ವಾನಿನ್-ಗ್ವಾನಿನ್-ಯುರಾಸಿಲ್. ಇದರ ಮೂರನೆಯ ಅಕ್ಷರ ಯಾವುದಾಗಿ ಬದಲಾದರೂ ಅರ್ಥ ಗ್ಲೈಸಿನ್ನೇ. ಆದರೆ ಮೊದಲ ಅಕ್ಷರವು ಯುರಾಸಿಲ್ ಆದರೆ ಅರ್ಥವು ಸಿಸ್ಟೀನ್, ಅಡೆನಿನ್ ಆದರೆ ಸೆರೀನ್. ಎರಡೂ ಗ್ಲೈಸಿನ್ನಿಗಿಂತ ದೊಡ್ಡವು. ಸಾವಿರಕ್ಕೂ ಮಿಕ್ಕಿದ ಘಟಕಗಳ ಎಳೆಯಲ್ಲಿ ಇಂತಹ ಒಂದೇ ಒಂದು ಬಂದರೂ ಹುರಿ ಅಲ್ಲಿ ಸಡಿಲಗೊಳ್ಳುತ್ತದೆ. ಎಲುಬಿನ ಕೊಲಾಜೆನ್ನಿನಲ್ಲಿ ಹೀಗಾದಾಗ, ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಅಸ್ಥಿಭಂಗುರತೆಯ ವ್ಯಾಧಿಗೆ ಮಗು ಗುರಿಯಾಗಬಹುದು. ಅದರ ತೀವ್ರತೆಯೂ ಬದಲಾವಣೆ ಎಲ್ಲಿ ಆಯಿತೆಂಬುದನ್ನು ಅವಲಂಬಿಸಿದೆ.

ಬರಹ ಶುದ್ಧವಾಗಿದ್ದ ಮಾತ್ರಕ್ಕೆ ಎಲ್ಲವೂ ಸಿದ್ಧಿಸುವುದಿಲ್ಲವೆಂಬುದೂ ನಿಜ. ಎಳೆಯಲ್ಲಿನ ಪ್ರೋಲೀನ್ ಎಂಬ ಘಟಕಗಳನ್ನು ಬಳಿಕ ತಿದ್ದಿ ಹುರಿಯನ್ನು ಗಟ್ಟಿಗೊಳಿಸಲು ಸಿ ಜೀವಸತ್ವ ಬೇಕು. ಅದಿಲ್ಲದೆ ಒಸಡಿನಲ್ಲಿ ರಕ್ತ ಒಸರುವ ಸ್ಕರ್ವಿ ಬರುತ್ತದೆ. ಅದನ್ನು ನೆಲ್ಲಿಕಾಯಿ, ನಿಂಬೆಗಳಿಂದ ತಡೆಯಬಹುದು. ಅಕ್ಷರದೋಷವನ್ನು ಆಹಾರದಿಂದ ತಿದ್ದಲಾಗದು.

ಮಗುವಿನ ಮೂಳೆ ಮತ್ತೆ ಮತ್ತೆ ಮುರಿದಾಗ ತಾಯಿಯ ಅಜಾಗರೂಕತೆಯನ್ನೋ ಪೂರ್ವಕರ್ಮವನ್ನೋ ಕಾರಣವಾಗಿ ಹೇಳುವುದುಂಟು. ಎಷ್ಟೋ ಸಂದರ್ಭಗಳಲ್ಲಿ ಈ ದೋಷ ತಂದೆಯಲ್ಲಿಯೂ ಇಲ್ಲ, ತಾಯಿಯಲ್ಲಿಯೂ ಇಲ್ಲ. ಮೂಲಪ್ರತಿಯು ಇಮ್ಮಡಿಯಾಗುವಾಗ ಹೊಸದಾಗಿ ನುಸುಳಿದ ಸ್ಖಾಲಿತ್ಯವದು. ಲಿಪಿಕಾರನ ಕೈತಪ್ಪಿಗೆ ಕವಿಯನ್ನು ದೂರುವುದು ಸಲ್ಲದು ಎಂಬ ವಿವೇಕ ಇಲ್ಲಿಯೂ ಅನ್ವಯಿಸುತ್ತದೆ.