ಗಡ್ಡೆಯ ಪ್ರೋಟೀನು ಆಯುಸ್ಸು ಹೇಳೀತೇ?

ಅನ್ನನಾಳದ ಕ್ಯಾನ್ಸರ್ ಸಾಮಾನ್ಯವಾಗಿ ಪತ್ತೆಯಾಗುವುದು ತುತ್ತು ಗಂಟಲಲ್ಲಿ ಇಳಿಯದಾದಾಗ. ಅಷ್ಟರಲ್ಲಿ ರೋಗ ಬಲಿತಿರುತ್ತದೆ. ಮನೆಯವರು ‘ಇನ್ನೆಷ್ಟು ದಿನ?’ ಎಂದು ಕೇಳುತ್ತಾರೆ. ಉತ್ತರವನ್ನು ಗಡ್ಡೆಯ ಪ್ರೋಟೀನುಗಳಲ್ಲಿ ಹುಡುಕುವ ಕೆಲಸ ದಶಕಗಳಿಂದ ನಡೆದಿದೆ. ಪಿ53, ಕಿ-67, ಇಜಿಎಫ್ಆರ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ, ಆದರೆ ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬಂದವು ಬೆರಳೆಣಿಕೆಯಷ್ಟು. ನನ್ನ ಪ್ರಕಾರ ಇದು ಸರಿಯಾಗಿಯೇ ಇದೆ. ಆಯುಸ್ಸು ಹೇಳುವ ಪ್ರೋಟೀನಿಗಿಂತ ಯಾವ ಔಷಧ ಹಿಡಿಯುತ್ತದೆಂದು ಹೇಳುವ ಪ್ರೋಟೀನು ರೋಗಿಗೆ ಮುಖ್ಯ.

ಪರೀಕ್ಷೆ ನಡೆಯುವ ಬಗೆಯನ್ನೇ ನೋಡಿ. ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆದ, ಅಕ್ಕಿಕಾಳಿಗಿಂತ ಚಿಕ್ಕ ತುಣುಕುಗಳನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಅತಿ ತೆಳ್ಳಗೆ ಹೆರೆಯುತ್ತಾರೆ. ಬೇಕಾದ ಪ್ರೋಟೀನಿಗೆ ಅಂಟುವ ಪ್ರತಿಕಾಯ ಹಾಕಿದರೆ ಅದಿರುವಲ್ಲಿ ಕಂದು ಬಣ್ಣ ಮೂಡುತ್ತದೆ. ಬಣ್ಣ ಎಷ್ಟು ಗಾಢ, ಎಷ್ಟು ಜೀವಕೋಶಗಳಲ್ಲಿದೆ ಎಂಬುದನ್ನು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನಿಸಬೇಕು. ಗಡ್ಡೆಯ ಒಂದು ಮೂಲೆಯಲ್ಲಿರುವ ಪ್ರೋಟೀನು ಇನ್ನೊಂದು ಮೂಲೆಯಲ್ಲಿ ಇಲ್ಲದಿರಬಹುದು. ‘ಹೆಚ್ಚು’, ‘ಕಡಿಮೆ’ ಎಂಬ ಗೆರೆಯನ್ನು ಫಲಿತಾಂಶ ಕಂಡ ಮೇಲೆ ಎಳೆದರಂತೂ ಯಾವ ಪ್ರೋಟೀನಿನ ಕೈಯಲ್ಲಾದರೂ ಭವಿಷ್ಯ ಹೇಳಿಸಬಹುದು! ಇಂಥ ಅಧ್ಯಯನಗಳ ವರದಿಯಲ್ಲಿ ಏನೇನಿರಬೇಕೆಂದು ತಿಳಿಸಲು 2005ರಲ್ಲಿ ‘ರಿಮಾರ್ಕ್’ ಎಂಬ ಮಾರ್ಗಸೂಚಿಯನ್ನೇ ತರಬೇಕಾಯಿತು.

ಗೆರೆ ಸರಿಯಿದ್ದರೂ ಎಡವುವುದುಂಟು. ಇಜಿಎಫ್ಆರ್ ಹೆಚ್ಚಿದ್ದವರು ಬೇಗ ಸಾಯುತ್ತಾರೆಂದು ಹಲವು ಅಧ್ಯಯನಗಳು ಹೇಳಿದ್ದವು. ಹಾಗಾದರೆ ಅದನ್ನು ತಡೆದರೆ ಬದುಕು ಹೆಚ್ಚಬೇಕಲ್ಲ? ಬ್ರಿಟನ್ನಿನ ‘ರಿಯಲ್3’ ಪ್ರಯೋಗದಲ್ಲಿ ಕೀಮೋ ಜೊತೆ ಅದನ್ನು ತಡೆಯುವ ಪ್ಯಾನಿಟುಮುಮ್ಯಾಬ್ ಪಡೆದವರ ಮಧ್ಯಮ ಬದುಕು 8.8 ತಿಂಗಳು, ಬರಿಯ ಕೀಮೋ ಪಡೆದವರದು 11.3. ಹೊಸ ಔಷಧದ ಗುಂಪಿಗೆ ಕೀಮೋ ಪ್ರಮಾಣ ಇಳಿಸಿದ್ದರು, ಇಜಿಎಫ್ಆರ್ ನೋಡಿ ರೋಗಿಗಳನ್ನು ಆರಿಸಿರಲಿಲ್ಲ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಆರಿಸಿದರೂ ಗೆಲುವು ಖಚಿತವಲ್ಲ. ಹರ್-2 ಎಂಬ ಪ್ರೋಟೀನು ಹೆಚ್ಚಿರುವ ಹೊಟ್ಟೆ ಮತ್ತು ಅನ್ನನಾಳದ ಸಂಧಿಯ ಕ್ಯಾನ್ಸರಿನಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಮಧ್ಯಮ ಬದುಕನ್ನು 11.1ರಿಂದ 13.8 ತಿಂಗಳಿಗೆ ಏರಿಸಿತ್ತು (2010ರ ‘ಟೋಗಾ’ ಪ್ರಯೋಗ). ಶಸ್ತ್ರಕ್ರಿಯೆಗೆ ಹೋಗುವ ಅನ್ನನಾಳದ ರೋಗಿಗಳಿಗೆ ಅದೇ ಔಷಧವನ್ನು, ಅದೇ ಹರ್-2 ನೋಡಿಯೇ ಕೊಟ್ಟಾಗ ರೋಗ ಮರಳುವುದು ತಗ್ಗಲಿಲ್ಲ.

ನಮ್ಮ ದೇಶದಲ್ಲಿ ಹೆಚ್ಚು ಕಾಣುವುದು ತಂಬಾಕು, ಮದ್ಯದ ನಂಟಿರುವ ಸ್ಕ್ವಾಮಸ್ ಬಗೆ. ಅಲ್ಲಿ ಹರ್-2 ಅಪರೂಪ, ಪಿಡಿ-ಎಲ್1 ಎಂಬ ಪ್ರೋಟೀನು ಮುಖ್ಯ. ‘ಕೀನೋಟ್-590’ ಪ್ರಯೋಗದಲ್ಲಿ ಈ ಬಗೆಯ, ಪಿಡಿ-ಎಲ್1 ಅಂಕ 10ಕ್ಕೆ ಕಡಿಮೆಯಿಲ್ಲದವರ ಮಧ್ಯಮ ಬದುಕು ಕೀಮೋಗೆ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧ ಸೇರಿದಾಗ 13.9 ತಿಂಗಳು, ಕೀಮೋ ಮಾತ್ರವಾದರೆ 8.8 ತಿಂಗಳು. ಇಲ್ಲಿ ಪ್ರೋಟೀನು ನಿಜಕ್ಕೂ ವೈದ್ಯರ ಕೈ ಹಿಡಿದಿದೆ.

ಆಯುಸ್ಸು ತಿಳಿಯುವ ಹಕ್ಕು ರೋಗಿಗಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಮಧ್ಯಮ ಬದುಕು 11 ತಿಂಗಳೆಂದರೆ ಗುಂಪಿನ ಅರ್ಧದಷ್ಟು ಜನ ಅದನ್ನು ದಾಟಿದ್ದಾರೆ ಎಂದರ್ಥ. ಎದುರಿಗೆ ಕೂತವರು ಯಾವ ಅರ್ಧದಲ್ಲಿದ್ದಾರೆಂದು ಅದು ಹೇಳದು. ಗಡ್ಡೆಯ ಆಳ, ದುಗ್ಧಗ್ರಂಥಿಗಳಿಗೆ ಹರಡಿರುವುದು, ರೋಗಿಯ ತ್ರಾಣ ಇವು ಈಗಲೂ ಹೆಚ್ಚು ನಂಬಬಹುದಾದ ಸೂಚನೆಗಳು. ದುಬಾರಿ ಪ್ರೋಟೀನು ಪರೀಕ್ಷೆ ಬರೆದುಕೊಟ್ಟರೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಇದರ ಫಲಿತಾಂಶದಿಂದ ನಮ್ಮ ಚಿಕಿತ್ಸೆ ಬದಲಾಗುತ್ತದೆಯೇ?